ಕ್ಯಾನ್ಸರ್ ಅಲ್ಲದ ಥೈರಾಯ್ಡ್ ಗಂಟನ್ನು ಕರಗಿಸಲು ಹಾರ್ಮೋನ್ ಮಾತ್ರೆ ಕೊಡಬಹುದೇ?

ನಿಮ್ಮ ತಾಯಿಯವರಿಗೆ 58 ವರ್ಷ, ಕತ್ತಿನಲ್ಲಿ 2.3 ಸೆಂ.ಮೀ. ಗಂಟು, ಸೂಜಿ ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಅಲ್ಲವೆಂದು ಬಂದಿದೆ, ಟಿಎಸ್‌ಎಚ್ (ಥೈರಾಯ್ಡ್ ಕೆಲಸವನ್ನು ನಿಯಂತ್ರಿಸುವ ಹಾರ್ಮೋನ್) ಸಹಜ ಮಟ್ಟದಲ್ಲೇ, 1.8 ಇದೆ, ಆದರೂ ಗಂಟು ಕರಗಲೆಂದು ದಿನಕ್ಕೆ 75 ಮೈಕ್ರೋಗ್ರಾಂ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದಾರೆ, ಕೊಡಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಇದೇ ಕಾರಣಕ್ಕೆ ಇದೇ ಮಾತ್ರೆಯನ್ನು ಎರಡು ವರ್ಷ ನುಂಗಿ, ಆಮೇಲೆ ಈ ವಿಷಯವನ್ನು ಹುಡುಕಿ ಓದಿದವಳು. ನೀವು ಕೊಟ್ಟ ಅಂಕಿಗಳು ಸರಿಯಾಗಿದ್ದರೆ, ಈ ಮಾತ್ರೆಯಿಂದ ನಿಮ್ಮ ತಾಯಿಯವರಿಗೆ ಆಗುವ ಲಾಭ ಬಹಳ ಕಡಿಮೆ, ತೊಂದರೆಯ ಸಾಧ್ಯತೆಯೇ ಹೆಚ್ಚು ಎಂದು ನನಗೆ ಅನಿಸುತ್ತದೆ.

ಈ ಚಿಕಿತ್ಸೆಯ ಹಿಂದಿನ ತರ್ಕ ಸರಳವಾಗಿದೆ. ಪಿಟ್ಯುಟರಿ ಗ್ರಂಥಿಯಿಂದ ಬರುವ ಟಿಎಸ್‌ಎಚ್, ಥೈರಾಯ್ಡ್ ಗ್ರಂಥಿಯಿಂದ ಹಾರ್ಮೋನ್ ಮಾಡಿಸುವುದರ ಜೊತೆಗೆ ಅದರ ಜೀವಕೋಶಗಳನ್ನೂ ಬೆಳೆಸುತ್ತದೆ. ಹೊರಗಿನಿಂದ ಥೈರಾಕ್ಸಿನ್ ಕೊಟ್ಟಾಗ ಟಿಎಸ್‌ಎಚ್ ತಗ್ಗುತ್ತದೆ, ಅದು ತಗ್ಗಿದರೆ ಗಂಟೂ ಸೊರಗಬೇಕು ಎಂಬ ನಂಬಿಕೆಯಿಂದ ದಶಕಗಳ ಕಾಲ ವೈದ್ಯರು ಇದನ್ನು ಕೊಟ್ಟರು. ಆದರೆ 1987ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು 53 ರೋಗಿಗಳಲ್ಲಿ ಕೆಲವರಿಗೆ ಥೈರಾಕ್ಸಿನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ಆರು ತಿಂಗಳು ನೋಡಿದಾಗ, ಎರಡೂ ಗುಂಪುಗಳ ಗಂಟಿನ ಗಾತ್ರದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಅಧ್ಯಯನದಲ್ಲಿ ಒಂದು ವರ್ಷದ ಬಳಿಕ ಥೈರಾಕ್ಸಿನ್ ಮತ್ತು ಅಯೋಡಿನ್ ಎರಡನ್ನೂ ತೆಗೆದುಕೊಂಡವರ ಗಂಟಿನ ಘನಗಾತ್ರ ಸುಮಾರು 17 ಶೇಕಡಾ ಇಳಿದಿತ್ತು. ಥೈರಾಕ್ಸಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಇಳಿದದ್ದು ಸುಮಾರು 7 ಶೇಕಡಾ ಮಾತ್ರ. ಇದು ಘನಗಾತ್ರದ ಲೆಕ್ಕ ಎಂಬುದನ್ನು ದಯವಿಟ್ಟು ಗಮನಿಸಿ. ಗಂಟು ದುಂಡಗಿದೆಯೆಂದು ಇಟ್ಟುಕೊಂಡರೆ, 17 ಶೇಕಡಾ ಇಳಿದಾಗಲೂ ನಿಮ್ಮ ತಾಯಿಯವರ 2.3 ಸೆಂ.ಮೀ. ಗಂಟು ಸುಮಾರು 2.16 ಸೆಂ.ಮೀ. ಆಗುತ್ತದೆ, ಅಷ್ಟೆ. ಅದೂ ಅಯೋಡಿನ್ ಕೊರತೆ ಸ್ವಲ್ಪ ಮಟ್ಟಿಗೆ ಇದ್ದ ದೇಶದಲ್ಲಿ. ನಮ್ಮಲ್ಲಿ ಹಿಂದೆ ಅಯೋಡಿನ್ ಕೊರತೆಯಿಂದ ಕತ್ತು ಊದುವ ಗಳಗಂಡ ವ್ಯಾಪಕವಾಗಿದ್ದ ಪ್ರದೇಶಗಳಿದ್ದವು, 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಆರಂಭವಾದ ಉಪ್ಪಿನ ಪ್ರಯೋಗವೇ ಅಯೋಡಿನ್‌ಯುಕ್ತ ಉಪ್ಪಿಗೆ ದಾರಿ ಮಾಡಿಕೊಟ್ಟಿತು. ಈಗ ಆ ಉಪ್ಪನ್ನು ದಿನವೂ ತಿನ್ನುವವರಲ್ಲಿ ಮಾತ್ರೆಯಿಂದ ಇನ್ನೂ ಹೆಚ್ಚಿನದನ್ನು ನಿರೀಕ್ಷಿಸಲು ಕಾರಣ ಕಾಣುವುದಿಲ್ಲ.

ನನ್ನ ಗಂಟು ಮೊದಲ ಸ್ಕ್ಯಾನಿಂಗ್‌ನಲ್ಲಿ 2.4 ಸೆಂ.ಮೀ. ಇತ್ತು. ದಿನಕ್ಕೆ 100 ಮೈಕ್ರೋಗ್ರಾಂ ಮಾತ್ರೆ ಶುರುವಾಗಿ ಹನ್ನೊಂದು ತಿಂಗಳಾದಾಗ 2.2 ಎಂದು ವರದಿ ಬಂತು, ಆ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ. ಮರುವರ್ಷ ಬೇರೊಬ್ಬರು ಸ್ಕ್ಯಾನ್ ಮಾಡಿದಾಗ 2.5 ಬಂತು. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ, ಗಂಟಿನ ಎರಡು ಅಂಚುಗಳಲ್ಲಿ ಇಟ್ಟಿದ್ದ ಚಿಕ್ಕ ಕೂಡು ಗುರುತುಗಳನ್ನು ಒಂದಿಷ್ಟು ಆಚೀಚೆ ಸರಿಸಿ, ಅಂಕಿ ಹೇಗೆ ಬದಲಾಗುತ್ತದೆಂದು ತೋರಿಸಿದರು. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಅಳತೆಯಲ್ಲೇ ಬರಬಹುದು ಎಂದರು. ಅಷ್ಟರಲ್ಲಿ ನನ್ನ ಟಿಎಸ್‌ಎಚ್ 0.04ಕ್ಕೆ ಇಳಿದಿತ್ತು. ರಾತ್ರಿ ಎಡ ಮಗ್ಗುಲಿಗೆ ಮಲಗಿದರೆ ಎದೆಬಡಿತ ದಿಂಬಿನೊಳಗೆ ಕೇಳಿಸುತ್ತಿತ್ತು. ಒದ್ದೆ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹೋಗುವಾಗ ನಡುವೆ ಮೆಟ್ಟಿಲ ಮೇಲೆ ಕುಳಿತುಕೊಳ್ಳಬೇಕಾಗುತ್ತಿತ್ತು. ಎರಡು ವರ್ಷವೂ ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ ಎಂಬ ನೋವು ಇಂದಿಗೂ ಇದೆ.

ಇದು ನನ್ನೊಬ್ಬಳ ಅನುಭವವಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 60 ದಾಟಿದವರನ್ನು ಹತ್ತು ವರ್ಷ ಗಮನಿಸಿ 1994ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಟಿಎಸ್‌ಎಚ್ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ಮೇಲಿನ ಕೋಣೆಗಳ ಬಡಿತ ತಾಳ ತಪ್ಪುವ ಕಾಯಿಲೆಯ ಸಾಧ್ಯತೆ ಸುಮಾರು ಮೂರು ಪಟ್ಟು ಇತ್ತು. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುವ ಭಯವೂ ಇದೆ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಶನ್ 2015ರ ಮಾರ್ಗಸೂಚಿಯಲ್ಲಿ, ಅಯೋಡಿನ್ ಸಾಕಷ್ಟು ಸಿಗುವ ಜನರಲ್ಲಿ ನಿರಪಾಯ ಗಂಟುಗಳಿಗೆ ಈ ಚಿಕಿತ್ಸೆಯನ್ನು ವಾಡಿಕೆಯಾಗಿ ಕೊಡಬಾರದೆಂದು ಸ್ಪಷ್ಟವಾಗಿ ಹೇಳಿದೆ.

ಒಂದು ಎಚ್ಚರಿಕೆ. ಟಿಎಸ್‌ಎಚ್ ಹೆಚ್ಚಾಗಿ, ಗ್ರಂಥಿಯೇ ಹಾರ್ಮೋನ್ ಸಾಕಷ್ಟು ಮಾಡದಿದ್ದರೆ, ಅಥವಾ ಥೈರಾಯ್ಡ್ ಕ್ಯಾನ್ಸರ್‌ಗೆ ಆಪರೇಷನ್ ಆಗಿದ್ದರೆ ಮಾತ್ರೆ ಸಾಮಾನ್ಯವಾಗಿ ಬೇಕಾಗುತ್ತದೆ. ಅಂಥವರು ಇದನ್ನು ಓದಿ ಒಂದು ದಿನವೂ ಬಿಡಬಾರದು.

ಮಾತ್ರೆಯಿಲ್ಲದೆ ಗಂಟು ಬೆಳೆದೀತೆಂಬ ಭಯ ಸಹಜ. ಇಟಲಿಯಲ್ಲಿ ನಿರಪಾಯ ಗಂಟುಗಳಿದ್ದ ಸುಮಾರು ಸಾವಿರ ಮಂದಿಯನ್ನು ಐದು ವರ್ಷ ಗಮನಿಸಿದ ಅಧ್ಯಯನದಲ್ಲಿ, ಸುಮಾರು 15 ಶೇಕಡಾ ಜನರಲ್ಲಿ ಮಾತ್ರ ಗಂಟು ಬೆಳೆಯಿತು, 18 ಶೇಕಡಾದಷ್ಟು ಜನರಲ್ಲಿ ತಾನಾಗಿಯೇ ಕುಗ್ಗಿತು. ಆದ್ದರಿಂದ ಒಂದೆರಡು ವರ್ಷಕ್ಕೊಮ್ಮೆ, ಸಾಧ್ಯವಾದರೆ ಒಂದೇ ಕಡೆ, ಸ್ಕ್ಯಾನ್ ಮಾಡಿಸುವುದು ಸಾಕಾಗಬಹುದು. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಧ್ವನಿ ಬದಲಾದರೆ ಕಾಯದೆ ತೋರಿಸಿ; ಆಗ ಆಪರೇಷನ್, ನೀರು ತುಂಬಿದ ಗಂಟಾದರೆ ಆಲ್ಕೋಹಾಲ್ ಇಂಜೆಕ್ಷನ್, ರೇಡಿಯೋ ತರಂಗದಿಂದ ಸುಡುವ ವಿಧಾನ ಇವೆಲ್ಲ ಇವೆ.

ಮಾತ್ರೆ ಈಗಾಗಲೇ ಶುರು ಮಾಡಿದ್ದರೆ ಸುಮ್ಮನೆ ನಿಲ್ಲಿಸಬೇಡಿ. ಎಲ್ಲ ವರದಿಗಳನ್ನು ಹಿಡಿದು ಒಬ್ಬ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ ವೈದ್ಯರು) ಬಳಿ ಹೋಗಿ, ಟಿಎಸ್‌ಎಚ್ ಅನ್ನು ಎಷ್ಟಕ್ಕೆ ಇಳಿಸುವ ಉದ್ದೇಶವಿದೆ, ಗಂಟು ಕರಗದಿದ್ದರೆ ಎಷ್ಟು ತಿಂಗಳಿಗೆ ನಿಲ್ಲಿಸುತ್ತೀರಿ ಎಂದು ಕೇಳಿ. ನನ್ನ ಮಾತ್ರೆಯನ್ನು ವೈದ್ಯರೇ ನಿಲ್ಲಿಸಿದರು. ಎರಡು ತಿಂಗಳಲ್ಲಿ ಟಿಎಸ್‌ಎಚ್ ಸಹಜ ಮಟ್ಟಕ್ಕೆ ಬಂತು, ಎದೆಬಡಿತ ಶಾಂತವಾಯಿತು. ಐದು ವರ್ಷದ ಮೇಲೆ ಮೊನ್ನೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಗಂಟು 2.4 ಸೆಂ.ಮೀ. ಇದೆ.