ಆ ನಾಲ್ಕನೇ ಪ್ಯಾರಾದಿಂದ ಶುರು ಮಾಡಿ

ಮಲ್ಪೆಯ ಲೇಖಕಿಗೆ ನಮಸ್ಕಾರ.

'ಕಷ್ಟದಲ್ಲಿ ಒಂದು ಒಳ್ಳೆಯ ಮಾತು' ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಅಡಗಿದೆ. ಅದು ನಿಮ್ಮ ಕೈತಪ್ಪಬಾರದು ಅಂತ ಈ ಪತ್ರ.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. 'ಪ್ರೋತ್ಸಾಹವೇ ಸಂಜೀವಿನಿ', 'ಬನ್ನಿ, ಎಲ್ಲರ ಬೆನ್ನು ತಟ್ಟೋಣ' ಎಂದೆಲ್ಲ ಬರೆದಿದ್ದೀರಿ. ಯಾರೂ ಇದನ್ನು ಅಲ್ಲ ಅನ್ನುವುದಿಲ್ಲ, ಓದಿದ ಮೇಲೆ ನೆನಪಿಟ್ಟುಕೊಳ್ಳುವುದೂ ಇಲ್ಲ. ನಿಜವಾಗಿ ಕಷ್ಟದಲ್ಲಿ ಇರುವವರಿಗಂತೂ ಇಂಥ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ.

ನಾಲ್ಕನೇ ಪ್ಯಾರಾಕ್ಕೆ ಬಂದಾಗ ನಾನು ನೆಟ್ಟಗೆ ಕೂತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ. ಬೋಟಿನಲ್ಲಿ ಸಿಕ್ಕ ಮೀನಿನ ಪಾಲಿನ ಲೆಕ್ಕದಲ್ಲಿ ದುಡಿಯುವ ಪಕ್ಕದ ಮನೆಯವರಿಗೆ ಆ ಎರಡು ತಿಂಗಳು ಆದಾಯವಿಲ್ಲ, ಅದರ ಮೇಲೆ ಕಾಯಿಲೆ. ಅವರ ಹೆಂಡತಿ ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ತಲೆಮೇಲೆ ಹೊತ್ತು ಮಳೆಯಲ್ಲಿ ಮನೆಮನೆಗೆ ಹೋಗುತ್ತಾರೆ. ನಿಮ್ಮ ಅಮ್ಮ ಒಣ ಬಂಗುಡೆ ಕೊಂಡು, ಮಾರನೇ ದಿನ ಅವರನ್ನು ನಿಲ್ಲಿಸಿ, "ಉಪ್ಪಿನ ಹದ ನಿನ್ನ ಹಾಗೆ ಬೇರೆ ಯಾರಿಗೂ ಬರುವುದಿಲ್ಲ ಮಾರಾಯ್ತಿ" ಅನ್ನುತ್ತಾರೆ.

ನೀವು ಹೇಳಬೇಕಾದದ್ದು ಇದೇ ಅಲ್ವಾ? ಅಮ್ಮ 'ಎಲ್ಲ ಸರಿಯಾಗುತ್ತದೆ' ಅನ್ನಲಿಲ್ಲ. ಅದು ಅವರ ಕೈಯಲ್ಲಿ ಇರಲೂ ಇಲ್ಲ. ಆ ಹೆಂಗಸಿನ ಕೆಲಸವನ್ನು ಗಮನಿಸಿದರು, ತಿಂದು ನೋಡಿದರು, ಯಾವುದು ಚೆನ್ನಾಗಿದೆ ಅಂತ ಬಿಡಿಸಿ ಹೇಳಿದರು. ಮೆಚ್ಚುಗೆಗೆ ಜೀವ ಬರುವುದು ಹಾಗೆ. ಅದಕ್ಕಿಂತ ಮೊದಲು ಹಣ ಕೊಟ್ಟು ಮೀನು ಕೊಂಡಿದ್ದರು, ಅದನ್ನೂ ಮರೆಯಬೇಡಿ. ಬರೀ ಹೊಗಳಿ ಬರಿಗೈಯಲ್ಲಿ ಕಳಿಸಿದ್ದರೆ ಆ ಮಾತಿಗೆ ತೂಕವೇ ಇರುತ್ತಿರಲಿಲ್ಲ.

ಇಷ್ಟು ಒಳ್ಳೆಯ ಪ್ರಸಂಗವನ್ನು ಐದು ಸಾಲಿನಲ್ಲಿ ಮುಗಿಸಿದ್ದೀರಿ! ನನಗೆ ಇನ್ನೂ ಬೇಕು. ಆ ಹೆಂಗಸು ಏನಂದರು? ನಕ್ಕರಾ, ಸುಮ್ನೆ ಬುಟ್ಟಿ ಎತ್ತಿಕೊಂಡು ನಡೆದರಾ? ಮೀನಿಗೆ ಉಪ್ಪು ಹಾಕಿ ಒಣಗಿಸುವುದು ಹೇಗೆ, ಮಳೆಗಾಲದ ಥಂಡಿಯಲ್ಲಿ ಅದನ್ನು ಕೆಡದಂತೆ ಇಡುವುದು ಹೇಗೆ? ಹೋಗಿ ಅವರನ್ನೇ ಕೇಳಿ. ಅವರ ಕೆಲಸ ಎಷ್ಟು ಕಷ್ಟದ್ದು ಅಂತ ಓದುಗರಿಗೆ ಗೊತ್ತಾದರೆ ಅಮ್ಮನ ಮಾತಿನ ಬೆಲೆ ತಾನಾಗಿ ತಿಳಿಯುತ್ತದೆ.

ಒಂದು ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ಹರೇಕಳ ಹಾಜಬ್ಬರ ಬಗ್ಗೆ ಬರೆದ ಪ್ಯಾರಾ ಈಗಿನ ರೂಪದಲ್ಲಿ ಬೇಡ. ಕಿತ್ತಳೆ ಮಾರಿ ಊರಿಗೆ ಶಾಲೆ ತಂದವರು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, ನಾವೆಲ್ಲ ಹೆಮ್ಮೆಪಟ್ಟೆವು ಎಂದಿದ್ದೀರಿ. ಎಲ್ಲ ನಿಜ. ಆದರೆ ಪ್ರಶಸ್ತಿ ಬಂದ ಮೇಲೆ ಚಪ್ಪಾಳೆ ತಟ್ಟುವವರಿಗೆ ಬರವಿಲ್ಲ. ಶಾಲೆ ಶುರುವಾಗಿದ್ದು ಅದಕ್ಕೆ ಸುಮಾರು 20 ವರ್ಷ ಮೊದಲು. ಅವರಿನ್ನೂ ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಾಗ ಯಾರು ಜೊತೆಗಿದ್ದರು? ನಿಮ್ಮ ವಿಷಯಕ್ಕೆ ಬೇಕಾದವರು ಅವರು. ವಿಚಾರಿಸಿ ಬರೆಯುವುದಾದರೆ ಬರೆಯಿರಿ, ಇಲ್ಲವಾದರೆ ಕೈಬಿಡಿ.

ಮಾತುಗಳ ಬಗ್ಗೆಯೂ ಸ್ವಲ್ಪ. ಅಮ್ಮನ ಆ ಒಂದು ಮಾತು ಚೆನ್ನಾಗಿದೆ, ಉಳಿದ ಕಡೆ ಇಬ್ಬರೂ ಪಾಠಪುಸ್ತಕದ ಕನ್ನಡ ಆಡುತ್ತಾರೆ. ಅವರು ನಿಜವಾಗಿ ಆಡುವುದು ತುಳು ತಾನೇ? ಒಂದೆರಡು ಕಡೆ ಹಾಗೇ ಬಿಡಿ. 'ವನಸ್ ಆಂಡಾ?' ಅಂತ ಕೇಳುವುದರಲ್ಲಿ ಇರುವ ಕಾಳಜಿ 'ತಾವು ಊಟ ಮಾಡಿದಿರಾ?' ಅನ್ನುವುದರಲ್ಲಿ ಬರುವುದಿಲ್ಲ. ಬಯಲುಸೀಮೆಯ ಓದುಗರಿಗೂ ಸಂದರ್ಭದಿಂದ ಅರ್ಥವಾಗುತ್ತದೆ, ಚಿಂತೆ ಬೇಡ.

ಆ ಹೆಂಗಸಿನ ಹೆಸರು ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿ. ಅವರು ಬೇಡವೆಂದರೆ ಹೆಸರಿಲ್ಲದೆ ಬರೆಯಿರಿ. ಜಾಸ್ತಿ ಉದ್ದ ಬೇಡ, 800 ಪದ ಸಾಕು. ತುಳುವರ ಆಟಿ ತಿಂಗಳು ಮುಗಿಯುವುದರೊಳಗೆ, ಅಂದರೆ ಆಗಸ್ಟ್ ಮಧ್ಯದೊಳಗೆ ಕಳಿಸಿ. ಬಂದ ಕೂಡಲೇ ನಾನೇ ಓದುತ್ತೇನೆ.

ನಿಮ್ಮ,
ಸಂಪಾದಕ