ಖುಷಿಯನ್ನು ಅಳೆಯಬಹುದಾ? ನಾನು ಹದಿನಾಲ್ಕು ತಿಂಗಳು ಅಳೆದೆ

ಮೂರು ತಿಂಗಳು ದಿನಾ ಖುಷಿಗೆ ಅಂಕ ಕೊಟ್ಟು, ಸರಾಸರಿ 5ಕ್ಕಿಂತ ಕೆಳಗೆ ಬಂದರೆ ಕೆಲಸ ಬಿಡುತ್ತೇನೆ, ಹೀಗೆ ಅಳೆಯೋದು ಸರೀನಾ ಅಂತ ಕೇಳಿದ್ದೀರಿ. ನನ್ನ ಹಳೆಯ ಎಕ್ಸೆಲ್ ಶೀಟೇ ಕಣ್ಮುಂದೆ ಬಂತು.

ರಾತ್ರಿ ಮಲಗುವ ಮುಂಚೆ 1ರಿಂದ 10ರೊಳಗೆ ಒಂದು ಅಂಕಿ. ಪಕ್ಕದ ಕಾಲಮಿನಲ್ಲಿ ಅವತ್ತು ಏನು ಮಾಡಿದೆ ಅಂತ ಎರಡು ಪದ. 6 ಅಥವಾ ಮೇಲಿದ್ದರೆ ಹಸಿರು, 4 ಅಥವಾ ಕೆಳಗಿದ್ದರೆ ಕೆಂಪು. ಬಣ್ಣ ತುಂಬುವಾಗ ಆಗುತ್ತಿದ್ದ ಖುಷಿಯನ್ನು ಯಾವ ಕಾಲಮಿಗೂ ಸೇರಿಸಿರಲಿಲ್ಲ ಬಿಡಿ.

ಕೆಲವು ತಿಂಗಳಾದ ಮೇಲೆ ವಾರದ ಒಂದೊಂದು ದಿನದ ಸರಾಸರಿ ತೆಗೆದೆ. ಎಲ್ಲಕ್ಕಿಂತ ಕೆಳಗೆ ಭಾನುವಾರ. 4.2. ಸೋಮವಾರಕ್ಕಿಂತಲೂ ಕಡಿಮೆ! ಪಕ್ಕದ ಕಾಲಮಿನಲ್ಲಿ ಸಾಲಾಗಿ ‘ಅಕ್ಕನ ಮನೆ’, ‘ಅಕ್ಕನ ಮನೆ’, ‘ಅಕ್ಕನ ಮನೆ’. ಲೆಕ್ಕ ಸುಳ್ಳು ಹೇಳುತ್ತಾ ಅಂದುಕೊಂಡು ಹೋಗುವುದನ್ನು ಕಡಿಮೆ ಮಾಡಿದೆ. ಮೊದಲು ತಿಂಗಳಿಗೊಮ್ಮೆ, ಆಮೇಲೆ ಏನೋ ಒಂದು ನೆಪ. ಮನೆಯಲ್ಲೇ ಉಳಿದ ಭಾನುವಾರಗಳಿಗೆ 6 ಬೀಳತೊಡಗಿತು. ಹಸಿರೋ ಹಸಿರು. ಒಳಗೊಳಗೇ ಬೀಗಿದೆ.

ತಪ್ಪು ಎಲ್ಲಿತ್ತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ನಾನು ಅಂಕ ಕೊಡುತ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ. ಅಕ್ಕನ ಮನೆಯಿಂದ ಬರಲು ಎರಡು ಬಸ್ಸು, ಒಂದೂವರೆ ಗಂಟೆ, ಹೆಚ್ಚಾಗಿ ನಿಂತುಕೊಂಡೇ. ಮನೆ ಸೇರಿ, ಶೂ ಬಿಚ್ಚಿ, ನಾಳೆಯ ಮೀಟಿಂಗ್ ನೆನಪಾಗಿ, ಆಗ ಶೀಟು ತೆರೆಯುವುದು. ‘ಇವತ್ತು ಎಷ್ಟು ಖುಷಿ?’ ಅಂತ ಪ್ರಶ್ನೆ. ಉತ್ತರ ಬರೆಯುತ್ತಿದ್ದದ್ದು ನನ್ನ ಕಾಲು ನೋವು. ಮಧ್ಯಾಹ್ನವಿಡೀ ಅಕ್ಕನ ಮಗನ ಜೊತೆ ಕೇರಂ ಆಡಿರುತ್ತಿದ್ದೆ. ಹುಡುಗ ಸ್ಟ್ರೈಕರ್ ಹೊಡೆಯುವ ಮುಂಚೆ ನಾಲಿಗೆ ಕಚ್ಚಿಕೊಂಡು ಒಂದು ಕಣ್ಣು ಮುಚ್ಚುತ್ತಿದ್ದ. ರೆಡ್ ಹಾಕಿ, ಕವರ್ ಬೀಳದೆ, ಅದನ್ನು ವಾಪಸ್ ಬೋರ್ಡಿನ ನಡುವೆ ಇಡುವಾಗ ಅವನ ಮುಖ ನೋಡಬೇಕಿತ್ತು! ಹನ್ನೊಂದು ಗಂಟೆಗೆ ಇದ್ಯಾವುದೂ ಲೆಕ್ಕಕ್ಕೇ ಬರುತ್ತಿರಲಿಲ್ಲ. ಐದು ಗಂಟೆಯ ಆಟವನ್ನು ಒಂದೂವರೆ ಗಂಟೆಯ ಬಸ್ಸು ನುಂಗಿಬಿಡುತ್ತಿತ್ತು. ಒಂದು ಗಂಟೆ ಮುಂಚೆ ಹೊರಟಿದ್ದರೆ ಸೀಟಾದರೂ ಸಿಗುತ್ತಿತ್ತು. ಅದು ಹೊಳೆಯಲೇ ಇಲ್ಲ. ಬಸ್ಸು ಬೇಡವಾಗಿದ್ದಕ್ಕೆ ಅಕ್ಕನನ್ನೇ ಬಿಟ್ಟೆ.

ಇದು ನನಗೆ ಅರ್ಥವಾಗಿದ್ದು ಒಂದು ದಿನ ಅವಳು ಫೋನಿನಲ್ಲಿ, ಯಾವುದೋ ಮಾತಿನ ಮಧ್ಯೆ, “ಕೇರಂ ಬೋರ್ಡು ಪಕ್ಕದ ಮನೆಯವರಿಗೆ ಕೊಟ್ವಿ ಕಣೋ, ಸುಮ್ನೆ ಜಾಗ ತಿಂತಿತ್ತು” ಅಂದಾಗ. ಬೈದಿದ್ದರೆ ವಾಸಿಯಿತ್ತು. ಶೀಟು ಅವತ್ತಿಗೆ ನಿಂತಿತು.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲೇ ಇದನ್ನು ತಣ್ಣೀರಿನಲ್ಲಿ ತೋರಿಸಿದ್ದರು ಅಂತ ಆಮೇಲೆ ಓದಿದೆ. 14 ಡಿಗ್ರಿ ನೀರಿನಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30. ಆ 30ರಲ್ಲಿ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತದೆ. ಯಾವುದನ್ನು ಮತ್ತೆ ಮಾಡುತ್ತೀರಿ ಅಂತ ಕೇಳಿದರೆ ಹೆಚ್ಚಿನವರು 90 ಸೆಕೆಂಡಿನದ್ದನ್ನೇ ಆರಿಸಿಕೊಂಡರು! ಜಾಸ್ತಿ ಹೊತ್ತು ನೋವಾದರೂ ಕೊನೆ ಒಂಚೂರು ಹಗುರಾಗಿತ್ತಲ್ವಾ, ಅದಕ್ಕೆ. ನನ್ನ ಭಾನುವಾರ ಇದರ ಉಲ್ಟಾ.

ಹಾಗಂತ ಖುಷಿಯನ್ನು ಅಳೆಯಲೇ ಆಗಲ್ಲ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಪ್ರತಿ ವರ್ಷ ಬರುವ ದೇಶಗಳ ಸಂತೋಷದ ಪಟ್ಟಿ ನೋಡಿರುತ್ತೀರಿ. ಅದಕ್ಕಾಗಿ ಗ್ಯಾಲಪ್ ಅನ್ನುವ ಸಮೀಕ್ಷೆ ಸಂಸ್ಥೆಯವರು ಕೇಳುವುದು ಹೀಗೆ: 0ರಿಂದ 10ರವರೆಗೆ ಮೆಟ್ಟಿಲಿರುವ ಏಣಿ, ತುದಿಯಲ್ಲಿ ನಿಮಗೆ ಸಾಧ್ಯವಿರುವ ಅತಿ ಒಳ್ಳೆಯ ಬದುಕು, ಈಗ ನೀವು ಎಷ್ಟನೇ ಮೆಟ್ಟಿಲಲ್ಲಿದ್ದೀರಿ? ಸಾಮಾನ್ಯವಾಗಿ ಒಂದು ದೇಶದಲ್ಲಿ ವರ್ಷಕ್ಕೆ ಸುಮಾರು 1,000 ಜನ, ಮೂರು ವರ್ಷಗಳ ಸರಾಸರಿ. ಫಿನ್ಲೆಂಡ್ 2018ರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು, 2025ರಲ್ಲೂ ಅಲ್ಲೇ ಇದ್ದದ್ದು ಹೀಗೆ. ಸಾವಿರ ಜನರಲ್ಲಿ ಒಬ್ಬರು ಬಸ್ಸಿಳಿದು ಬಂದಿದ್ದರೆ ಇನ್ನೊಬ್ಬರು ಚೆನ್ನಾಗಿ ನಿದ್ದೆ ಮಾಡಿ ಎದ್ದಿರುತ್ತಾರೆ, ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ನಿಮ್ಮ ಶೀಟಿನಲ್ಲಿ ನೀವೊಬ್ಬರೇ. ಭೂತಾನಿನವರಂತೂ ಒಂದೇ ಪ್ರಶ್ನೆಯನ್ನು ನಂಬಿ ಕೂರುವುದಿಲ್ಲ. ದೇಶದ ಖುಷಿ ಅಳೆಯಲು ಅವರದ್ದು 9 ವಿಭಾಗ, 33 ಸೂಚಕಗಳು, ನಿದ್ದೆ ಎಷ್ಟು ಗಂಟೆ ಅನ್ನುವುದೂ ಅದರಲ್ಲಿದೆ.

ಬರೆದೇ ತೀರುತ್ತೇನೆ ಅಂದರೆ ರಾತ್ರಿ ಮಾತ್ರ ಬರೆಯಬೇಡಿ. 2010ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಮನಶ್ಶಾಸ್ತ್ರಜ್ಞರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅವರು 2,250 ಜನರನ್ನು ಎಚ್ಚರವಿರುವ ಯಾವುದಾದರೂ ಹೊತ್ತಿನಲ್ಲಿ ಫೋನಿನ ಆ್ಯಪ್‌ನಲ್ಲೇ ‘ಈಗ ಹೇಗಿದ್ದೀರಿ, ಏನು ಮಾಡುತ್ತಿದ್ದೀರಿ’ ಅಂತ ಕೇಳಿದ್ದರು. ಹಾಗೆ ಮಾಡಿ.

ನನ್ನ ಕೇಳಿದರೆ ಅದೂ ಬೇಡ. ‘ಬೆಳಿಗ್ಗೆ ಆಫೀಸಿನ ಗೇಟು ಕಂಡ ಕೂಡಲೇ ಹೊಟ್ಟೆ ತೊಳಸುತ್ತದೆ’ ಅಂತ ನಿಮ್ಮ ಪ್ರಶ್ನೆಯಲ್ಲೇ ಬರೆದಿದ್ದೀರಿ. ಅದಕ್ಕೆ 3 ಕೊಡಬೇಕೋ 4 ಕೊಡಬೇಕೋ ಅಂತ ಇನ್ನೂ ಮೂರು ತಿಂಗಳು ಕೂತು ಯೋಚಿಸುತ್ತೀರಾ?