ಗಿಡ್ಡ ಕಾಲೇ ಅದರ ಬಂಡವಾಳ

‘ಕಾರ್ಗಿಯ ಕಾಲು ಗೇಣುದ್ದವೂ ಇಲ್ಲ, ಅದು ದನ ಕಾಯುತ್ತಿತ್ತು ಅನ್ನೋದು ನಿಜಾನಾ? ಮನೆಯಲ್ಲಿ ಸಾಕಬಹುದಾ?’ ಅಂತ ಕೇಳಿದ್ದೀರಿ. ನಿಜವೇ. ಇದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ನಾಯಿ. ಅಲ್ಲಿನ ಭಾಷೆಯಲ್ಲಿ ‘ಕಾರ್’ ಅಂದರೆ ಕುಳ್ಳ, ‘ಗಿ’ ಅಂದರೆ ನಾಯಿ. ಎತ್ತರ ಸುಮಾರು 25ರಿಂದ 30 ಸೆಂಟಿಮೀಟರ್, ಅಷ್ಟೇ.

ಕುರಿ ಕಾಯುವ ಬಾರ್ಡರ್ ಕೋಲಿ ದೂರದಿಂದ ದಿಟ್ಟಿಸಿಯೇ ಮಂದೆಯನ್ನು ತಿರುಗಿಸುತ್ತದೆ. ಕಾರ್ಗಿಯ ವರಸೆ ಬೇರೆ. ಹಿಂದಿನಿಂದ ನುಗ್ಗಿ ದನದ ಹಿಮ್ಮಡಿಗೆ ಮೆಲ್ಲಗೆ ಕಚ್ಚುತ್ತದೆ. ದನ ಸಿಟ್ಟಿಗೆದ್ದು ಒದ್ದರೆ ಗೊರಸು ತಲೆಯ ಮೇಲಿಂದ ಹಾದುಹೋಗುತ್ತದೆ! ಉದ್ದ ಕಾಲಿನ ನಾಯಿಯಾಗಿದ್ದರೆ ಹಲ್ಲು ಉದುರುತ್ತಿತ್ತು ಅಲ್ವಾ?

ಇದರಲ್ಲಿ ಎರಡು ತಳಿ. ಕಾರ್ಡಿಗನ್‌ಗೆ ಉದ್ದ ಬಾಲ, ದುಂಡನೆಯ ಕಿವಿ. ಪೆಂಬ್ರೋಕ್ ಸ್ವಲ್ಪ ಚಿಕ್ಕದು, ಕಿವಿ ಚೂಪು, ಬಾಲ ಸಾಮಾನ್ಯವಾಗಿ ಮೋಟು. ನಾಯಿ ತಳಿಗಳನ್ನು ದಾಖಲಿಸುವ ಬ್ರಿಟನ್ನಿನ ಸಂಸ್ಥೆ ಕೆನಲ್ ಕ್ಲಬ್ ಇವನ್ನು ಬೇರೆ ಬೇರೆ ಅಂತ ಒಪ್ಪಿದ್ದು 1934ರಲ್ಲಿ. ರಾಣಿ ಎಲಿಜಬೆತ್ ಸಾಕಿದ್ದು ಪೆಂಬ್ರೋಕ್. 1944ರಲ್ಲಿ, ತನ್ನ 18ನೇ ಹುಟ್ಟುಹಬ್ಬಕ್ಕೆ ಸಿಕ್ಕ ಸೂಸನ್ ಎಂಬ ನಾಯಿಯ ಸಂತತಿಯೇ ಎಷ್ಟೋ ತಲೆಮಾರು ಅರಮನೆಯಲ್ಲಿ ಓಡಾಡಿತು.

ಸಾಕುವ ವಿಷಯಕ್ಕೆ ಬಂದರೆ, ಸುಮ್ನೆ ಮುದ್ದು ಮುಖ ನೋಡಿ ತರಬೇಡಿ. ಓಡುವ ಮಕ್ಕಳ ಹಿಮ್ಮಡಿಯನ್ನೂ ಅದು ದನದ್ದೇ ಅಂದುಕೊಳ್ಳಬಹುದು. ಬೊಗಳೋದು ಜಾಸ್ತಿ. ಎರಡು ಪದರದ ಕೂದಲು, ವರ್ಷವಿಡೀ ಉದುರುತ್ತದೆ, ಸೆಕೆಯೂ ಆಗಿಬರಲ್ಲ. ಮೈ ಬಲು ಬೇಗ ಬರುತ್ತದೆ. ಉದ್ದ ಬೆನ್ನಿಗೆ ಆ ಭಾರ ಕಷ್ಟ. ಸೋಫಾದಿಂದ ಧುಮುಕಲು ಬಿಡಬೇಡಿ.